ಅಂಬಿಗನ ಬಾಯಲ್ಲಿ ಬಂದ ಹೆಸರು

ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಲೊವೆಲ್ ಹಳೆಯ ಟಿವಿಯನ್ನು ಮೇಜಿನ ಮೇಲೆ ಅಂಗಾತ ಮಲಗಿಸುತ್ತಿದ್ದ. ಅದು ಅಲುಗದಂತೆ ಮರದ ಚೌಕಟ್ಟನ್ನೂ ತಾನೇ ಮಾಡಿದ್ದ. ಪರದೆಯ ಮೇಲೆ ಕಾಡು, ಕೋಟೆ, ನದಿಗಳ ನಕ್ಷೆ ಮೂಡುತ್ತಿತ್ತು. ಮನೆಮಂದಿ ಒಬ್ಬೊಬ್ಬರು ಒಂದೊಂದು ಪಾತ್ರ ಹೊತ್ತು ಆ ನಕ್ಷೆಯೊಳಗೆ ಪ್ರಯಾಣ ಹೊರಡುತ್ತಿದ್ದರು. ಹೆಂಡತಿ ಕೊರಿನ್ ಸುತ್ತಿಗೆ ಹಿಡಿದ ಕಮ್ಮಾರಳು, ಅವಳ ಹದಿಮೂರು ವರ್ಷದ ಮಗಳು ಮೇವ್ ಬಿಲ್ಲುಗಾರ್ತಿ, ಆರ್ಲಿಸ್ ಅಜ್ಜಿ ಬೇರುನಾರಿನ ವೈದ್ಯೆ. ದಾಳ ಉರುಳಿಸುವುದು, ಯಾರಿಗೆಷ್ಟು ಗಾಯವಾಯಿತೆಂದು ನೆನಪಿಡುವುದು, ಎಲ್ಲ ಅವರವರ ಟ್ಯಾಬ್ಲೆಟ್ಟಿನ ಕೆಲಸ. ಕಥೆ ನಡೆಸುವವನು ಲೊವೆಲ್. ದಾರಿಯಲ್ಲಿ ಎದುರಾಗುವ ಕಳ್ಳ, ರಾಜ, ರಾಕ್ಷಸ, ಎಲ್ಲರ ಮಾತೂ ಅವನದೇ ಬಾಯಿಂದ.

ವಿಸ್ಕಾನ್ಸಿನ್ನಿನ ರಸೀನ್ ಊರಿನಲ್ಲಿ ಮನೆಮನೆಗೆ ಹೋಗಿ ಬಾಯ್ಲರ್ ರಿಪೇರಿ ಮಾಡುವವನು ಲೊವೆಲ್. ಕೊರಿನ್‌ಳನ್ನು ಮದುವೆಯಾಗಿ ಮೂರು ವರ್ಷವಾಗಿತ್ತು. ಅದಕ್ಕೂ ಒಂದು ವರ್ಷದ ಹಿಂದೆ ಅವಳ ಮೊದಲ ಗಂಡ ವೇಡ್ ಎದೆನೋವಿನಿಂದ ತೀರಿಕೊಂಡಿದ್ದ. ಮೇವ್ ಹೊಸ ಅಪ್ಪನೊಂದಿಗೆ ಜಗಳವಾಡಿದವಳಲ್ಲ. ಮನೆಯಲ್ಲಿ ಬಾಡಿಗೆಗಿದ್ದವನನ್ನು ಕಂಡಂತೆ ಮರ್ಯಾದೆಯಿಂದ ಕಾಣುತ್ತಿದ್ದಳು, ಅಷ್ಟೆ. ಆಟದ ಮೇಜಿನಲ್ಲಿ ಮಾತ್ರ ಅವನ ರಾಕ್ಷಸನ ದನಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗುವಿಗಾಗಿ ಅವನು ವಾರವಿಡೀ ಕಾಯುತ್ತಿದ್ದ. ಆರ್ಲಿಸ್ ಅಜ್ಜಿ ವೇಡ್‌ನ ತಾಯಿ. ಸೊಸೆ ಇನ್ನೊಬ್ಬನನ್ನು ಕಟ್ಟಿಕೊಂಡಳೆಂದು ಮುಖ ಸಿಂಡರಿಸದೆ ಪ್ರತಿ ಭಾನುವಾರ ಆಟಕ್ಕೆ ಬರುತ್ತಿದ್ದರು.

ಒಂದು ಗುರುವಾರ ಸಂಜೆ ಲೊವೆಲ್ ಮುಂದಿನ ಕಥೆ ಸಿದ್ಧಮಾಡುತ್ತಿದ್ದ. ಬಿಲ್ಲುಗಾರ್ತಿಯ ಕವಚದ ಅಂಕಿ ತಪ್ಪಾಗಿತ್ತು. ಎಲ್ಲರ ಪಾಸ್‌ವರ್ಡ್ ಇಟ್ಟವನು ಅವನೇ ಆದ್ದರಿಂದ ಮೇವ್‌ಳ ಹೆಸರಿನಲ್ಲಿ ಒಳಹೊಕ್ಕು ತಿದ್ದಿದ. ಹೊರಬರುವಾಗ ಮೂಲೆಯಲ್ಲಿ ಒಂದು ಲಕೋಟೆಯ ಗುರುತು ಕಂಡಿತು. ಆಟಗಾರರು ಒಬ್ಬರಿಗೊಬ್ಬರು ಗುಟ್ಟಾಗಿ ಬರೆದುಕೊಳ್ಳುವ ಪತ್ರಗಳು. ಮುಚ್ಚಿಬಿಡಬಹುದಿತ್ತು. ಮುಚ್ಚಲಿಲ್ಲ.

ಒಂಬತ್ತು ತಿಂಗಳ ಪತ್ರಗಳಿದ್ದವು. ಅಜ್ಜಿ ಮೊಮ್ಮಗಳು ಸೇರಿ ಅವನ ನಕ್ಷೆಯ ಆಚೆಗೆ ತಮ್ಮದೇ ಒಂದು ಊರು ಕಟ್ಟಿಕೊಂಡಿದ್ದರು. ಅಲ್ಲೊಬ್ಬ ಅಂಬಿಗ. ಅವನಿಗೆ ಶಿಳ್ಳೆ ಹಾಕಲು ಬಾರದು, ಆದರೂ ಹಾಕುತ್ತಾನೆ. ಬಿಲ್ಲುಗಾರ್ತಿ ದಡಕ್ಕೆ ಬಂದರೆ, "ಯಾಕಿಷ್ಟು ತಡ, ಉಪ್ಪಿನಕಾಯಿ?" ಅನ್ನುತ್ತಾನೆ. ಮಗಳನ್ನು ಅಪ್ಪ ಹಾಗೇ ಕರೆಯುತ್ತಿದ್ದನೆಂದು ಅಜ್ಜಿಯ ಒಂದು ಪತ್ರದಲ್ಲಿತ್ತು; ಅಂಬಿಗ ವೇಡ್ ಎಂದು ತಿಳಿಯಲು ಲೊವೆಲ್‌ಗೆ ಹೊತ್ತು ಹಿಡಿಯಲಿಲ್ಲ. ಇನ್ನೊಂದರಲ್ಲಿ ಮೇವ್ ಬರೆದಿದ್ದಳು: "ಲೊವೆಲ್ ಒಳ್ಳೆಯವನೇ ಅಜ್ಜಿ. ಆದರೆ ಈ ಊರಿಗೆ ಅವನು ಬರೋದು ಬೇಡ."

ಆ ಸಾಲನ್ನು ಅವನು ಎರಡು ಸಲ ಓದಿದ. ಆದರೂ ಬುದ್ಧಿ ಬರಲಿಲ್ಲ. ಆ ಅಂಬಿಗನನ್ನು ತಾನೇ ಕರೆತಂದರೆ ಹುಡುಗಿಗೆ ಎಷ್ಟು ಸಂತೋಷವಾದೀತು, ತನ್ನ ಮೇಲೆ ಎಷ್ಟು ಪ್ರೀತಿ ಬಂದೀತು ಎಂದು ಎರಡು ಸಂಜೆ ಕೂತು ನದಿ ಬರೆದ, ದೋಣಿ ಬರೆದ.

ಭಾನುವಾರ ಆಟ ರಂಗೇರಿದಾಗ ಪರದೆಯ ಮೇಲೆ ಆ ನದಿ ಮೂಡಿತು. ಲೊವೆಲ್ ತಪ್ಪುತಪ್ಪಾಗಿ ಒಂದು ಶಿಳ್ಳೆ ಹಾಕಿ, ದನಿ ತಗ್ಗಿಸಿ ಅಂದ:

"ಯಾಕಿಷ್ಟು ತಡ, ಉಪ್ಪಿನಕಾಯಿ?"

ಕೊರಿನ್ ತಟ್ಟನೆ ತಲೆಯೆತ್ತಿದಳು. ಆರ್ಲಿಸ್ ಅಜ್ಜಿಯ ಕೈಯಲ್ಲಿದ್ದ ಕ್ರಿಂಗಲ್ ಎಂಬ ಸಿಹಿರೊಟ್ಟಿಯ ತುಂಡು ಬಾಯಿಗೆ ಹೋಗದೆ ನಿಂತಿತು. ಮೇವ್‌ಳ ಮುಖದ ಬಣ್ಣವೇ ಇಳಿದುಹೋಯಿತು.

"ಆ ಹೆಸರು ನಿಂಗೆ ಯಾರು ಹೇಳಿದ್ದು?"

"ಯಾರೂ ಇಲ್ಲಪ್ಪ. ಸುಮ್ನೆ ಬಾಯಿಗೆ ಬಂತು," ಅಂದ ಲೊವೆಲ್.

"ಸುಳ್ಳು! ಅಮ್ಮಂಗೂ ಆ ಅಂಬಿಗನ ವಿಷಯ ಗೊತ್ತಿಲ್ಲ." ಹುಡುಗಿ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ನೀನು ಹೇಳ್ದ್ಯಾ?"

ಅಜ್ಜಿ ಲೊವೆಲ್‌ನನ್ನು ನೋಡಿದರು. ಅವನು ಮೇಜಿನ ಅಂಚು ಹಿಡಿದು ಕೂತಿದ್ದ, ಕಿವಿ ಕೆಂಪೇರಿತ್ತು. ಆ ಮುದುಕಿಗೆ ಎಲ್ಲವೂ ಅರ್ಥವಾಯಿತು. ಈ ಮನೆ ಮತ್ತೆ ಒಡೆಯಬಾರದು ಅನ್ನಿಸಿತೋ ಏನೋ, ತಟ್ಟೆ ದೂರ ತಳ್ಳಿ ಮೆಲ್ಲಗೆ ಅಂದರು:

"ವಯಸ್ಸಾಯ್ತಲ್ಲ ಮಗಾ. ಬಾಯಿತಪ್ಪಿ ಹೇಳಿರ್ತೀನಿ."

"ಅದು ನಮ್ಮಿಬ್ರದ್ದು ಅಂತ ನೀನೇ ಆಣೆ ಮಾಡಿದ್ದೆ!" ಮೇವ್ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಇಲ್ಲ, ಅಜ್ಜಿ ಹೇಳಿಲ್ಲ, ನಾನೇ ಓದಿದೆ. ಇಷ್ಟು ಅಂದಿದ್ದರೆ ಸಾಕಿತ್ತು. ಲೊವೆಲ್ ಬಾಯಿ ತೆರೆಯಲಿಲ್ಲ. ಆರ್ಲಿಸ್ ಅಜ್ಜಿ ಕೋಟು ತೊಡುವಾಗ ತೋಳು ಹಿಡಿದು ನೆರವಾದ. ಅವರು ಅವನ ಮುಖ ನೋಡಲಿಲ್ಲ.

ಬುಧವಾರದವರೆಗೆ ತಡೆದುಕೊಂಡ. ಬಾಯ್ಲರ್ ಬಿಚ್ಚಿದವನು ಯಾವ ಸ್ಕ್ರೂ ಎಲ್ಲಿಯದೆಂದು ಮರೆತು ನಿಲ್ಲುತ್ತಿದ್ದ. ಕೊನೆಗೆ ಕೆಲಸದ ನಡುವೆಯೇ ಗಾಡಿ ತಿರುಗಿಸಿ ಅಜ್ಜಿಯ ಮನೆಗೆ ಹೋದ. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

"ನನ್ನಿಂದ ತಪ್ಪಾಯ್ತು. ನೀವ್ಯಾಕೆ ನನ್ನ ತಪ್ಪು ಹೊತ್ಕೊಂಡ್ರಿ?"

"ನಿನ್ನ ಮುಖ ನೋಡಿ ಅಲ್ಲಪ್ಪ, ಆ ಮಗುವಿನ ಮುಖ ನೋಡಿ. ಅಪ್ಪ ಹೋದ. ಈಗ ಮನೇಲಿರೋ ಗಂಡಸು ಕಳ್ಳ ಅಂತ ಅದು ತಿಳ್ಕೋಬೇಕಾ?" ಅವರು ಬಾಗಿಲನ್ನು ಅರ್ಧ ಮುಚ್ಚಿದರು. "ಮೂರು ದಿನ ಆಯ್ತು, ಅದು ನಂಗೆ ಫೋನ್ ಮಾಡಿಲ್ಲ. ಮಗನ ಮಾತಾಡೋಕೆ ನಂಗಿದ್ದದ್ದು ಅದೊಂದೇ ಜೀವ. ನನ್ನ ಹತ್ರ ಯಾಕೆ ಬಂದೆ? ಹೋಗು, ಯಾರಿಗೆ ಹೇಳ್ಬೇಕೋ ಅವರಿಗೆ ಹೇಳು."

ಲೊವೆಲ್ ಮನೆಗೆ ಬಂದಾಗ ಮೇವ್ ಶಾಲೆಯಿಂದ ಬಂದು ಅಡುಗೆಮನೆಯಲ್ಲಿ ಚೀಸ್ ಹಾಕಿ ಬ್ರೆಡ್ ಸುಡುತ್ತಿದ್ದಳು. ಕೊರಿನ್ ಪಾತ್ರೆ ಒರೆಸುತ್ತಿದ್ದಳು. ಅವನು ಟೋಪಿಯನ್ನೂ ತೆಗೆಯದೆ ನಿಂತಲ್ಲೇ ಹೇಳಿದ. ಯಾವ ದಿನ ಓದಿದ್ದು, ಎಷ್ಟು ಓದಿದ್ದು, ತಾನು ಬರಬಾರದೆಂದು ಬರೆದದ್ದನ್ನು ಓದಿದ ಮೇಲೂ ಹೋದದ್ದು, ಅಜ್ಜಿಯ ಮೇಲೆ ಗೂಬೆ ಕೂರುವಾಗ ಬಾಯಿ ಮುಚ್ಚಿಕೊಂಡು ಕೂತದ್ದು, ಯಾವುದನ್ನೂ ಬಿಡಲಿಲ್ಲ.

"ಥೂ, ಲೊವೆಲ್," ಅಂದಳು ಕೊರಿನ್, ಒರೆಸುವ ಬಟ್ಟೆ ಕೆಳಗಿಟ್ಟು.

ಮೇವ್ ಬ್ರೆಡ್ ಮಗುಚುವುದನ್ನು ಮರೆತಳು. ಸೀದ ವಾಸನೆ ಬಂತು.

"ಎಲ್ಲಾನೂ ಓದಿದ್ಯಾ?"

"ಎಲ್ಲಾನೂ."

"ನಂಗೆ ಅಪ್ಪನ ದನಿ ಮರ್ತುಹೋಗ್ತಾ ಇದೆ. ಓದ್ತಾ ಓದ್ತಾ ಹ್ಯಾಗೋ ನೆನಪು ಮಾಡ್ಕೋತಿದ್ದೆ. ಈಗ ಓದಿದ್ರೆ ನಿನ್ನ ದನಿಯಲ್ಲೇ ಕೇಳ್ಸುತ್ತೆ." ಅವಳು ಅಳಲಿಲ್ಲ. ಫೋನ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಿಟಕಿಯ ಗಾಜಿನಾಚೆ, "ಅಜ್ಜಿ, ನೀನ್ಯಾಕೆ ಹಂಗೆ ಹೇಳ್ದೆ?" ಅನ್ನುವುದು ಕೇಳಿಸಿತು. ಲೊವೆಲ್ ಅಲ್ಲಿ ನಿಲ್ಲದೆ ನೆಲಮಾಳಿಗೆಗೆ ಇಳಿದುಹೋದ.

ಐದು ಭಾನುವಾರ ಆಟ ನಡೆಯಲಿಲ್ಲ. ಆರನೆಯದಕ್ಕೆ ಅಜ್ಜಿ ಬಂದರು. ಮೇವ್ ಎಲ್ಲರಿಗೂ ಹೊಸ ಪಾಸ್‌ವರ್ಡ್ ಇಟ್ಟಿದ್ದಳು. ಅವಳು ಲೊವೆಲ್‌ನತ್ತ ಒಂದು ಟ್ಯಾಬ್ಲೆಟ್ ಸರಿಸಿದಳು.

"ಇನ್ಮೇಲೆ ಕಥೆ ನಡೆಸೋದು ಅಜ್ಜಿ. ನೀನು ಹೇಸರಗತ್ತೆ ಮೇಯಿಸೋನು. ಬೇಕಾದ್ರೆ ಕೂತ್ಕೋ."

ಲೊವೆಲ್ ಕೂತ. ಅಜ್ಜಿಗೆ ಆಟದ ನಿಯಮಗಳು ಅರ್ಧವೂ ಗೊತ್ತಿರಲಿಲ್ಲ. ಬೆಟ್ಟ ಹತ್ತಲು ಉರುಳಿಸಬೇಕಾದ ದಾಳವನ್ನು ಸೇತುವೆ ದಾಟಲು ಉರುಳಿಸಿದರು. ತಪ್ಪೆಂದು ಅವನಿಗೆ ಗೊತ್ತಿತ್ತು. ತಿದ್ದಲು ನಾಲಗೆ ಏಳಲಿಲ್ಲ. ತನ್ನ ಸರದಿ ಬಂದಾಗ ಹೇಸರಗತ್ತೆಯನ್ನು ಒಂದು ಮನೆ ಮುಂದೆ ನಡೆಸಿ, ಅಜ್ಜಿ ಮುಂದಿನ ಮಾತು ಹೇಳುವವರೆಗೆ ತಲೆ ತಗ್ಗಿಸಿ ಕೂತ.