ಕವಿಗಳನ್ನು ಕೂರಿಸಿದ ಗಂಟೆ

ನಾನು ಒಂದು ಮೇಜುಗಂಟೆ. ತೆಂಗಿನ ಚಿಪ್ಪನ್ನು ಬೋರಲು ಹಾಕಿದಂತಹ ಮೈ, ನಡುನೆತ್ತಿಯಲ್ಲಿ ಒಂದು ಗುಂಡಿ. ಒತ್ತಿದರೆ 'ಟಿಂಗ್' ಎನ್ನುತ್ತೇನೆ. ಏಟು ಬೀಳುವುದು ನನ್ನ ತಲೆಗೆ, ಬಾಯಿ ಮುಚ್ಚಬೇಕಾದವರು ಬೇರೆಯವರು. ಇಂಥದೊಂದು ಜನ್ಮ ನನ್ನದು.

ಹುಟ್ಟಿದ್ದು ಬೆಂಗಳೂರಿನ ಒಂದು ಗಲ್ಲಿಯ ಸಣ್ಣ ಕಾರ್ಖಾನೆಯಲ್ಲಿ. ಹಿತ್ತಾಳೆ ತಗಡನ್ನು ಅಚ್ಚಿಗೆ ಒತ್ತಿ, ಉಜ್ಜಿ, ಹೊಳಪು ಕೊಟ್ಟು ನನ್ನನ್ನು ತಿಪಟೂರಿನ ಒಂದು ಹೈಸ್ಕೂಲಿಗೆ ಕಳಿಸಿದರು. ಅಲ್ಲಿ ಹೆಡ್‌ಮಾಸ್ಟರ್ ಮರುಳಸಿದ್ದಪ್ಪನವರ ಮೇಜಿನ ಮೇಲೆ ವಾಸ. ಒತ್ತಿದರೆ ಜವಾನ ಬರುತ್ತಿದ್ದ, ಮನಸ್ಸಿಲ್ಲದಿದ್ದರೆ ಬರುತ್ತಿರಲಿಲ್ಲ. ಮೇಷ್ಟ್ರು ನಿವೃತ್ತರಾದ ದಿನ ಹಾರ, ಹಣ್ಣಿನ ಬುಟ್ಟಿಯ ಜೊತೆ ನನ್ನನ್ನೂ ಅವರಿಗೇ ಕೊಟ್ಟು ಕಳಿಸಿದರು. ಮನೆಯಲ್ಲಿ ಒತ್ತಿದರೆ ಯಾರೂ ತಿರುಗಿ ನೋಡಲಿಲ್ಲ. ಬೇಸತ್ತ ಮೇಷ್ಟ್ರು 'ಸಂಜೆ ಬಳಗ' ಎಂಬ ಸಾಹಿತ್ಯ ಸಂಘ ಕಟ್ಟಿ, ಅದರ ಕಾರ್ಯದರ್ಶಿಯಾದರು. ನನಗೂ ಕೆಲಸ ಸಿಕ್ಕಿತು.

ಕವಿಗೋಷ್ಠಿಯ ಪದ್ಧತಿ ನಿಮಗೆ ಗೊತ್ತಿರಬಹುದು. ಸ್ವಾಗತ, ಉದ್ಘಾಟನೆ, ಅತಿಥಿಗಳ ಭಾಷಣ ಎಲ್ಲವೂ ನಿಧಾನವಾಗಿ ಸಾಗುತ್ತವೆ. ಊಟದ ಹೊತ್ತಾಗಿದೆ ಎಂದು ನೆನಪಾಗುವುದು ಕವಿಗಳ ಸರದಿ ಬಂದಾಗ. 'ತಲಾ ಮೂರೇ ನಿಮಿಷ' ಎಂದು ಮೈಕಿನಲ್ಲಿ ಸಾರುತ್ತಾರೆ. ಮೂರು ನಿಮಿಷ ದಾಟಿತೋ, ಮೇಷ್ಟ್ರ ಕೈ ನನ್ನ ತಲೆಗೆ ಬರುತ್ತದೆ. ಭಾಷಣಕಾರರಿಗೆ ಮಾತ್ರ ಅವರು ಒಮ್ಮೆಯೂ ನನ್ನನ್ನು ಒತ್ತಿದ್ದಿಲ್ಲ.

ನಾನು ಕೂರಿಸಿದ ಕವಿಗಳು ಲೆಕ್ಕವಿಲ್ಲದಷ್ಟು. ಅವರಲ್ಲಿ ಪದೇ ಪದೇ ಸಿಕ್ಕಿಬಿದ್ದವರು ಷಡಕ್ಷರಿ. ಬಸ್ ಡಿಪೋದಲ್ಲಿ ಗುಮಾಸ್ತರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲ್ಲಗಿನ ದನಿ. ಅವರ ಬಳಿ ಇದ್ದದ್ದು 'ನಮ್ಮ ಮನೆ' ಎಂಬ ಒಂದು ನೀಳ್ಗವಿತೆ. ಅದು ತಾತನಿಂದ ಶುರುವಾಗಿ, ತಂದೆ, ಸೋದರತ್ತೆ, ಹಸು, ಹಜಾರದ ಕಂಬ ಎಲ್ಲವನ್ನೂ ಹಾದು ಕೊನೆಯ ಪದ್ಯದಲ್ಲಿ ಅವರ ಹೆಂಡತಿ ಗಂಗಾಂಬಿಕೆಗೆ ತಲುಪುತ್ತಿತ್ತು. ಆ ಪದ್ಯ ತಲುಪುವ ಮೊದಲೇ ನಾನು ಟಿಂಗ್ ಎನ್ನುತ್ತಿದ್ದೆ.

ಗಂಗಮ್ಮ ಪ್ರತಿ ಸಲವೂ ಬಂದು ಮೂರನೇ ಸಾಲಿನಲ್ಲಿ ಕೂರುತ್ತಿದ್ದರು. ಒಮ್ಮೆ ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿಯುವಾಗ ಮೇಷ್ಟ್ರು ಕೇಳಿದರು: "ಅದೇನಮ್ಮಾ, ಆ ಪದ್ಯ ಮನೇಲಿ ಓದಿಸ್ಕೊಂಡು ಕೇಳಬಾರದಾ?"

"ಮನೇಲಿ ಯಾರ್ ಬೇಕಾದ್ರೂ ಹೊಗಳ್ತಾರೆ ಸಾರ್, ಬಿಸಿ ರೊಟ್ಟಿ ಹಾಕಿದ್ರೆ ಸಾಕು. ನಾಲ್ಕು ಜನದ ಮುಂದೆ, ಮೈಕಲ್ಲಿ ಹೇಳ್ಲಿ. ಆದ್ರೆ ಇವರ ತಾತ ಸಾಯೋ ಹೊತ್ತಿಗೇ ನಿಮ್ಮ ಗಂಟೆ ಆಗುತ್ತಲ್ಲಾ!"

ಎಲ್ಲರೂ ನಕ್ಕರು. ಗಂಗಮ್ಮನೂ ನಕ್ಕರು, ಆದರೆ ಲೋಟ ನೋಡಿಕೊಂಡು.

ಮೊದಲಿನ ಪದ್ಯಗಳನ್ನು ಕಡಿಮೆ ಮಾಡಿ ಎಂದು ಎಷ್ಟು ಹೇಳಿದರೂ ಷಡಕ್ಷರಿ ಕೇಳಲಿಲ್ಲ. "ಹಿರಿಯರನ್ನ ಹೊರಗೆ ನಿಲ್ಲಿಸಿ ಹೆಂಡ್ತೀನ ಒಳಗೆ ಕರೆಯೋಕಾಗುತ್ತಾ ಸಾರ್?" ಎನ್ನುತ್ತಿದ್ದರು. ಬದಲಿಗೆ ಪುಸ್ತಕ ಮಾಡಿಸುತ್ತೇನೆಂದು ಹೊರಟರು. ಪುಸ್ತಕದಲ್ಲಿ ಗಂಟೆಯ ಕಾಟವಿಲ್ಲವಲ್ಲ.

ಅಲ್ಲಿ ಕಾಟ ಬಂದದ್ದು ಮುನ್ನುಡಿಯಿಂದ. ಬರೆದುಕೊಟ್ಟ ದೊಡ್ಡವರು ಕವಿತೆಯ ಬಗ್ಗೆ ಅರ್ಧ ಪುಟ, ತಮ್ಮ ವಿದೇಶ ಪ್ರವಾಸದ ಬಗ್ಗೆ ಎಂಟು ಪುಟ ಬರೆದಿದ್ದರು. ಪ್ರೆಸ್ಸಿನಲ್ಲಿ ಹದಿನಾರು ಹದಿನಾರು ಪುಟಗಳನ್ನು ಒಂದು ಫಾರಮ್ಮು ಮಾಡಿ ಅಚ್ಚು ಹಾಕುತ್ತಾರೆ. ಲೆಕ್ಕ ನೋಡಿದರೆ ಒಂದು ಪುಟ ಹೆಚ್ಚಾಗಿತ್ತು, ಅದೊಂದಕ್ಕೇ ಇನ್ನೊಂದು ಫಾರಮ್ಮು ಬೇಕಿತ್ತು. ದೊಡ್ಡವರ ಬರಹಕ್ಕೆ ಕತ್ತರಿ ಹಾಕುವುದುಂಟೇ? ಪ್ರೆಸ್ಸಿನವರು ಕೇಳದೆಯೇ ಕೊನೆಯ ಪುಟ ಬಿಟ್ಟರು. ಆ ಪುಟದಲ್ಲಿ ಇದ್ದದ್ದು ಗಂಗಮ್ಮನ ಪದ್ಯ ಒಂದೇ.

ಬಿಡುಗಡೆಯ ದಿನ ಗಂಗಮ್ಮ ಪುಸ್ತಕವನ್ನು ಹಿಂದಿನಿಂದ ತೆರೆದರು. ಹಜಾರದ ಕಂಬಕ್ಕೆ ಕವಿತೆ ಮುಗಿದಿತ್ತು. ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಗಂಡನ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ಮೂರನೇ ಸಾಲಿನಲ್ಲಿ ಅವರು ಕಾಣಲಿಲ್ಲ. ನನಗೆ ಬೇಜಾರಾಯಿತು. ಗಂಟೆಗೆಂಥ ಬೇಜಾರು ಎನ್ನಬೇಡಿ, ಆಯಿತು.

ಮುಂದಿನ ವರ್ಷ ನಮ್ಮ ಬಳಗವೇ ಜಿಲ್ಲಾ ಕವನ ಸ್ಪರ್ಧೆ ನಡೆಸಿತು. ಗೆದ್ದವರಿಗೆ ಜಿಲ್ಲಾ ಸಮ್ಮೇಳನದ ವೇದಿಕೆ. ಷಡಕ್ಷರಿ ವರ್ಷಗಳಿಂದ ಹಂಬಲಿಸಿದ್ದು ಅದಕ್ಕೇ. ಕಡೆಗೂ ತಾತನನ್ನೂ ಅತ್ತೆಯನ್ನೂ ಒಂದೆರಡು ಸಾಲಿಗೆ ಇಳಿಸಿ, ಮೂರು ನಿಮಿಷಕ್ಕೆ ಹೆಚ್ಚುಕಮ್ಮಿ ಹೊಂದುವಂತೆ ತಿದ್ದಿದ್ದರು. ಕಾಡಿ ಬೇಡಿ ಹೆಂಡತಿಯನ್ನೂ ಕರೆತಂದಿದ್ದರು. ಮೇಷ್ಟ್ರು ನಿಯಮ ಓದಿದರು: "ಮೂರು ನಿಮಿಷ ದಾಟಬಾರದು. ಇಪ್ಪತ್ತು ಸಾಲಿಗೆ ಕಡಿಮೆ ಇದ್ದರೆ ಪರಿಗಣಿಸುವುದಿಲ್ಲ."

ಷಡಕ್ಷರಿ ಮೈಕಿನ ಮುಂದೆ ನಿಂತರು. ನನ್ನನ್ನು ನೋಡಿದರು. ಆಮೇಲೆ ಗಂಗಮ್ಮನನ್ನು ನೋಡಿದರು. ಗಂಗಮ್ಮನ ಕಣ್ಣು ಗಂಡನ ಮೇಲಿರಲಿಲ್ಲ. ಮೇಷ್ಟ್ರ ಕೈ ಮೇಲಿತ್ತು. ಷಡಕ್ಷರಿ ಕಾಗದ ಮಡಚಿ ಜೇಬಿಗಿಟ್ಟರು.

ದೀಪ ಹಚ್ಚುವ ಹೊತ್ತಿಗೆ ನೀ ಈ ಮನೆಗೆ ಬಂದೆ,
ಎಣ್ಣೆ ಎಷ್ಟಿದೆಯೆಂದು ಕೇಳಲಿಲ್ಲ.
ಇಷ್ಟು ವರುಷ ಉರಿಸಿದೆ, ಗಂಗಾ,
ಕತ್ತಲಿತ್ತೆಂದು ಯಾರಿಗೂ ತಿಳಿಯಲಿಲ್ಲ.

ಆ ಕೊನೆಯ ಪದ್ಯ ಒಂದನ್ನೇ ಹೇಳಿ ಮೈಕಿನಿಂದ ಹಿಂದೆ ಸರಿದರು.

"ಮುಂದುವರಿಸಿ, ಇನ್ನೂ ಟೈಮಿದೆ," ಎಂದರು ಮೇಷ್ಟ್ರು. ಆಮೇಲೆ ದನಿ ತಗ್ಗಿಸಿ, "ಷಡಕ್ಷರಿ, ಇಪ್ಪತ್ತು ಸಾಲು ಆಗಲಿಲ್ಲ ಕಣ್ರೀ," ಎಂದರು.

"ಗೊತ್ತು ಸಾರ್. ನಂದು ಇಷ್ಟೇ."

ಅವರು ಕೆಳಗಿಳಿದು ಮೂರನೇ ಸಾಲಿಗೆ ಹೋದರು. ಗಂಗಮ್ಮ ಚೀಲವನ್ನು ತೊಡೆಗೆ ಎಳೆದುಕೊಂಡು ಪಕ್ಕದ ಕುರ್ಚಿ ಬಿಟ್ಟುಕೊಟ್ಟರು. ಸೆರಗಿನಿಂದ ಮೂಗು ಒರೆಸಿಕೊಂಡು, "ಫ್ಯಾನ್ ಗಾಳಿ," ಎಂದರು. ಬಹುಮಾನ ಬೇರೆ ಯಾರಿಗೋ ಹೋಯಿತು. ಷಡಕ್ಷರಿ ಮತ್ತೆ ಯಾವ ಸ್ಪರ್ಧೆಗೂ ಬರೆಯಲಿಲ್ಲ.

ಈಗ ಮೇಷ್ಟ್ರಿಲ್ಲ. ಬಳಗದವರು ಸಮಯಕ್ಕೆ ಮೊಬೈಲ್ ಇಟ್ಟುಕೊಂಡಿದ್ದಾರೆ. ನಾನು ಸಭಾಭವನದ ಬೀರುವಿನಲ್ಲಿ, ಯಾರೂ ಒಯ್ಯದ ಸ್ಮರಣಿಕೆಗಳ ನಡುವೆ ಇದ್ದೇನೆ. ಗುಂಡಿಗೆ ತುಕ್ಕು ಹಿಡಿದಿದೆ. ಎಷ್ಟೋ ಕವಿತೆಗಳ ಅರ್ಧ ನನಗೆ ಬಾಯಿಪಾಠ. ಪೂರ್ತಿ ಬರುವುದು ಆ ನಾಲ್ಕು ಸಾಲು ಮಾತ್ರ.