ಅನಧಿಕೃತ ವ್ಯಕ್ತಿಗಳು

ಪಂಚಾಯಿತಿಯ ವಾರ್ಷಿಕ ವರದಿ ಗುರುವಾರ ಬೆಳಿಗ್ಗೆ ಮನೆಮನೆಗೂ ಬಂತು. ಮೂವತ್ತೊಂದು ವರ್ಷ ಊರಿನ ಒಂದೊಂದು ಬಾಗಿಲಿಗೂ ಕಾಗದ ಮುಟ್ಟಿಸಿ ನಿವೃತ್ತಳಾಗಿದ್ದ ಅಂಚೆಯಕ್ಕ, ತನ್ನ ಬಾಗಿಲಿಗೆ ಬಂದ ಯಾವ ಕಾಗದವನ್ನೂ ಓದದೆ ಬಿಡುವವಳಲ್ಲ. ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಪುಟ ತಿರುವಿದಳು.

ಆರನೇ ಪುಟದಲ್ಲಿ ಒಂದು ಫೋಟೋ. ಆಸ್ಪತ್ರೆ ಮೆಟ್ಟಿಲಿನ ಪಕ್ಕದಲ್ಲಿ ಪಂಚಾಯಿತಿ ಅಧ್ಯಕ್ಷರು ಹಾರೆ ಹಿಡಿದು ನಗುತ್ತ ನಿಂತಿದ್ದಾರೆ. ಗರಿಗರಿ ಇಸ್ತ್ರಿಯ ಅಂಗಿ. ಹಾರೆಯ ತುದಿಗೆ ಒಂದು ಚೂರೂ ಮಣ್ಣು ಅಂಟಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ, 'ಪಂಚಾಯಿತಿಯ ನೇತೃತ್ವದಲ್ಲಿ, ಜನರ ಸಹಭಾಗಿತ್ವದೊಂದಿಗೆ ಅರವತ್ತೆರಡು ಮೆಟ್ಟಿಲುಗಳಿಗೆ ಸುರಕ್ಷತಾ ಕಂಬಿ ಅಳವಡಿಸಲಾಯಿತು' ಎಂದಿತ್ತು.

ನೇತೃತ್ವವಂತೆ! ಅಂಚೆಯಕ್ಕ ಮೂಗು ಮುರಿದು ಪುಟ ತಿರುವಿದಳು. ಕೆಲಸದ ಕೊನೆಯ ದಿನ ಅಧ್ಯಕ್ಷರು ಕಾರ್ಯದರ್ಶಿಯ ಜೊತೆ ಹತ್ತು ನಿಮಿಷ ಬಂದು, ಅವರಿವರ ಕೈಯಿಂದ ಹಾರೆ ಇಸಿದುಕೊಂಡು ಫೋಟೋ ತೆಗೆಸಿಕೊಂಡು ಹೋದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಹೋಗಲಿ, ಬೆನ್ನು ತಟ್ಟಿಕೊಳ್ಳುವವರು ತಟ್ಟಿಕೊಳ್ಳಲಿ ಎಂದುಕೊಂಡಳು.

ಹದಿನಾಲ್ಕನೇ ಪುಟಕ್ಕೆ ಬಂದಾಗ ಅವಳ ಕೈ ನಿಂತಿತು.

'ಕೆಲವು ಅನಧಿಕೃತ ವ್ಯಕ್ತಿಗಳು ಅನುಮತಿಯಿಲ್ಲದೆ, ಅವೈಜ್ಞಾನಿಕವಾಗಿ ನೆಟ್ಟಿದ್ದ ಕಂಬಿ ಕುಸಿದು ಒಬ್ಬರು ಗಾಯಗೊಂಡಿರುತ್ತಾರೆ. ಪಂಚಾಯಿತಿಯು ತಕ್ಷಣ ಕ್ರಮ ಕೈಗೊಂಡು ಸದರಿ ಕಂಬಿಯನ್ನು ತೆರವುಗೊಳಿಸಿರುತ್ತದೆ.'

ಅವಳು ಆರನೇ ಪುಟಕ್ಕೆ ಹೋಗಿ ಮತ್ತೆ ಹದಿನಾಲ್ಕಕ್ಕೆ ಬಂದಳು. ಅದೇ ಮೆಟ್ಟಿಲು, ಅದೇ ಕಂಬಿ. ನಿಂತಿರುವಾಗ ಅವರದ್ದು, ಬಿದ್ದ ಮೇಲೆ ನಮ್ಮದು. ಅವಳ ಮೈಯೆಲ್ಲ ಉರಿದುಹೋಯಿತು.

ಆ ಮೆಟ್ಟಿಲುಗಳು ಮೇಲಿನ ಬೀದಿಯಿಂದ ಕೆಳಗಿನ ಆಸ್ಪತ್ರೆಗೆ ಇಳಿಯುವ ದಾರಿ. ಸವೆದ ಕಲ್ಲು, ಹಿಡಿದುಕೊಳ್ಳಲು ಏನೂ ಇಲ್ಲ. ಜ್ವರ ಬಂದವರು, ಬಸುರಿಯರು, ಮುದುಕರು ಕೂತು ಕೂತು ಇಳಿಯುತ್ತಿದ್ದರು. ಕಂಬಿ ಹಾಕಿಸಿಕೊಡಿ ಎಂದು ಅಂಚೆಯಕ್ಕ ಪಂಚಾಯಿತಿಗೆ ಆರು ಅರ್ಜಿ ಬರೆದಿದ್ದಳು. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂಬತ್ತು ಜನ ಸೇರಿ ತಾವೇ ಕೆಲಸಕ್ಕಿಳಿದರು. ಮುಚ್ಚಿಹೋದ ಗಿರಣಿಯವರು ಹಳೆಯ ಪೈಪುಗಳನ್ನು ಕೊಟ್ಟರು. ವೆಲ್ಡಿಂಗ್ ಅಂಗಡಿಯವನು ಯಂತ್ರ ತಂದ. ಅವನನ್ನು ಊರೆಲ್ಲ ಕರೆಯುವುದು ಕಿಡಿ ಎಂದು. ಆದರೆ ಹೆಸರಿಗೆ ಮಾತ್ರ ಕಿಡಿ, ಅವನ ಬಾಯಿಂದ ಒಂದು ಗಟ್ಟಿ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಆರು ಭಾನುವಾರ ಗುಂಡಿ ತೋಡಿದರು, ಜಲ್ಲಿ ಹೊತ್ತರು, ಸಿಮೆಂಟಿಗೆ ನೀರು ಕುಡಿಸಿದರು. ಅಂಚೆಯಕ್ಕನ ಭಾವ ಟೈಲರ್. ಪಕ್ಕದ ಮನೆಯಲ್ಲೇ ಅವನ ಹೊಲಿಗೆ ಯಂತ್ರ, ಅವನ ಸಂಸಾರ. "ನೂಲಿಗಿಂತ ದಪ್ಪದ್ದು ಏನನ್ನೂ ಎತ್ತಿದವನಲ್ಲ ನಾನು" ಎಂದು ತಮಾಷೆ ಮಾಡುತ್ತಲೇ ಅವನೂ ಪ್ರತಿ ವಾರ ಬಂದ. ಅವನನ್ನು ಎಳೆದುಕೊಂಡು ಬಂದವಳು ಅಂಚೆಯಕ್ಕನೇ.

ಕಂಬಿ ಐದು ತಿಂಗಳು ಅಲುಗದೆ ನಿಂತಿತ್ತು. ಆಮೇಲೆ ಪಂಚಾಯಿತಿಯವರು ನೀರಿನ ಕೊಳವೆ ಹಾಕಲು ಮೆಟ್ಟಿಲಿನ ಪಕ್ಕಕ್ಕೇ ಕಾಲುವೆ ಅಗೆದರು. ಮೂರು ಕಂಬಗಳ ಬುಡ ಬರಿದಾಯಿತು. ಕೊಳವೆ ಹಾಕಿದವರು ಮಣ್ಣನ್ನು ಹಾಗೇ ಗುಡ್ಡೆಯಾಗಿ ಬಿಟ್ಟು ಹೋದರು. ಮಣ್ಣು ತುಂಬಿಸಿ, ಇಲ್ಲದಿದ್ದರೆ ಕಂಬ ಬೀಳುತ್ತದೆ ಎಂದು ಅಂಚೆಯಕ್ಕ ಕಾಗದ ಬರೆದು ತಾನೇ ಕೊಟ್ಟು, ಪ್ರತಿಯ ಮೇಲೆ ಕಾರ್ಯದರ್ಶಿಯ ಮೊಹರು ಹಾಕಿಸಿಕೊಂಡು ಬಂದಳು. ಅಲ್ಲಿಯವರೆಗೆ ಇರಲಿ ಎಂದು ಕಿಡಿ ಆ ಮೂರು ಕಂಬಗಳಿಗೆ ಕೆಂಪು ಬಟ್ಟೆ ಕಟ್ಟಿದ. ಬಟ್ಟೆ ಯಾರು ಬಿಚ್ಚಿದರೋ, ಗಾಳಿಗೆ ಹೋಯಿತೋ ಗೊತ್ತಿಲ್ಲ. ಕಾಗದ ಕೊಟ್ಟ ಇಪ್ಪತ್ತಮೂರನೇ ದಿನ ಟೈಲರ್ ಭಾವ ರಕ್ತದೊತ್ತಡದ ಮಾತ್ರೆ ತರಲು ಇಳಿಯುತ್ತಿದ್ದಾಗ ಮೇಲಿನಿಂದ ಯಾರೋ ಕರೆದರು. ತಿರುಗಿ ನೋಡಲು ಕಂಬಿಗೆ ಭಾರ ಬಿಟ್ಟ. ಕಂಬ ಬುಡಸಮೇತ ಮಲಗಿತು. ಹನ್ನೊಂದು ಮೆಟ್ಟಿಲು ಉರುಳಿದ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಅಂದಿನಿಂದ ಭಾವನ ಹೆಂಡತಿ, ಅಂಚೆಯಕ್ಕನ ಒಡಹುಟ್ಟಿದ ಅಕ್ಕ, ತಂಗಿಯ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಒಂದೇ ಮಾತು ಅಂದಿದ್ದಳು: "ಮಿಷನ್ ಮುಂದೆ ಕೂತಿದ್ದೋರನ್ನ ಹಾರೆ ಹಿಡಿಸೋಕೆ ಕರ್ಕೊಂಡು ಹೋದೆಯಲ್ಲೇ."

ವರದಿಯನ್ನು ಹಿಡಿದುಕೊಂಡು ಅಂಚೆಯಕ್ಕ ಪಕ್ಕದ ಮನೆಗೆ ಹೋದಳು. ಅಕ್ಕ ತನ್ನ ಮನೆಗೆ ಬಂದ ಪ್ರತಿಯನ್ನಾಗಲೇ ಓದಿ ಮಡಿಸಿ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಳು. "ಅವರಿಗೆ ತೋರಿಸ್ಬೇಡ" ಎಂದು ಪಿಸುಗುಟ್ಟಿದಳು. ಆದರೆ ಭಾವ ಕಿಟಕಿಯ ಹತ್ತಿರದಿಂದಲೇ ಎಡಗೈ ಚಾಚಿದ.

"ಕೊಡು ಇಲ್ಲಿ. ಕೈ ಮುರಿದಿರೋದು, ಕಣ್ಣಲ್ಲ."

ಓದಿ ಮೊದಲು ನಕ್ಕ. "ಅನಧಿಕೃತ ವ್ಯಕ್ತಿ ಅಂದ್ರೆ ನಾನೇನೇ? ಅಳತೆ ತಗೊಳ್ಳದೇ ಒಳ್ಳೇ ಹೆಸರು ಹೊಲಿದವ್ರೆ." ಆಮೇಲೆ ಆರನೇ ಪುಟದ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನಗು ಹೋಗಿತ್ತು. "ಈ ಅಂಗಿ ನಾನು ಹೊಲ್ದಿದ್ದು ಕಣೇ. ಕಾಲರ್ ಎರಡು ಸಲ ಬಿಚ್ಚಿಸಿ ಹೊಲಿಸ್ಕೊಂಡ ಮನುಷ್ಯ. 'ಒಬ್ಬರು ಗಾಯಗೊಂಡಿರುತ್ತಾರೆ' ಅಂತೆ. ಟೈಲರ್ ಅಂತ ಬರೆಯೋಕೂ ಕೈ ಬರ್ಲಿಲ್ವಾ?"

ಪ್ಲಾಸ್ಟರ್ ಬಿಚ್ಚಿ ಹತ್ತು ದಿನವಾಗಿತ್ತು. ಅವನ ಎರಡು ಬೆರಳು ಇನ್ನೂ ಮಡಚುತ್ತಿರಲಿಲ್ಲ. ಕತ್ತರಿ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

ಅಂಚೆಯಕ್ಕ ಮನೆಗೆ ಬಂದು ವರದಿಯನ್ನು ಕೊನೆಯ ಪುಟದವರೆಗೂ ಓದಿದಳು. ಸಣ್ಣ ಅಕ್ಷರದಲ್ಲಿ ನಿಯಮಗಳಿದ್ದವು. ಸಭೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪುಸ್ತಕದಲ್ಲಿ ಸಹಿ ಹಾಕಿದರೆ ಮಾತ್ರ ವರದಿ ಅಂಗೀಕಾರವಾದಂತೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು.

ಭಾನುವಾರ ಹನ್ನೊಂದು ಗಂಟೆಗೆ ಶಾಲೆಯ ಕೋಣೆಯಲ್ಲಿ ಸಭೆ. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮಂಡಿ ಎದೆಗೆ ತಾಗುವಂತೆ ಮುದುಡಿ ಕೂತಿದ್ದರು. ತೊಂಬತ್ತರ ಮೇಲೆ ಜನ. ಕರಿಹಲಗೆಯ ಮುಂದೆ ಮೇಜು ಹಾಕಿ ಅಧ್ಯಕ್ಷರು, ಕಾರ್ಯದರ್ಶಿ. ಕಾರ್ಯದರ್ಶಿ ಮೈಕನ್ನು ಎರಡು ಸಲ ತಟ್ಟಿ, "ಎಲ್ಲರೂ ವರದಿ ಓದಿರ್ತೀರಿ. ಓದಿ ಹೇಳಿ ನಿಮ್ಮ ಟೈಮ್ ಹಾಳು ಮಾಡೋದು ಬೇಡ. ಕೈತಟ್ಟಿ ಅಂಗೀಕಾರ ಮಾಡಿಬಿಡೋಣ" ಎಂದ.

ನಾಲ್ಕೈದು ಜನ ಕೈತಟ್ಟುವುದಕ್ಕೆ ಶುರು ಮಾಡಿದ್ದರು. ಅಂಚೆಯಕ್ಕ ಎದ್ದು ನಿಂತಳು.

"ನಾನು ಓದಿದೀನಿ ಸ್ವಾಮಿ. ಅದಕ್ಕೇ ಕೈತಟ್ಟೋಕೆ ಆಗ್ತಿಲ್ಲ."

"ಹೇಳಿ ಹೇಳಿ, ಏನಾಯ್ತು?" ಎಂದರು ಅಧ್ಯಕ್ಷರು, ಮಗುವನ್ನು ಮಾತಾಡಿಸುವ ದನಿಯಲ್ಲಿ.

ಅವಳು ಆರನೇ ಪುಟವನ್ನು ಗಟ್ಟಿಯಾಗಿ ಓದಿದಳು. ಹದಿನಾಲ್ಕನೇ ಪುಟವನ್ನೂ ಓದಿದಳು. ಮೈಕು ಬೇಕಾಗಲಿಲ್ಲ, ಬೀದಿಯ ಆ ತುದಿಯಿಂದ ಹೆಸರು ಕೂಗಿ ಕಾಗದ ಕೊಟ್ಟ ಗಂಟಲು ಅದು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನನಗೆ ಒಂದೇ ಒಂದು ಅನುಮಾನ" ಎಂದಳು. "ಈ ಜನರ ಸಹಭಾಗಿತ್ವ ಅಂದಿರಲ್ಲ, ಆ ಜನ ಯಾರು? ಈ ಅನಧಿಕೃತ ವ್ಯಕ್ತಿಗಳು ಯಾರು? ಒಂಬತ್ತರಲ್ಲಿ ಎಂಟು ಜನ ಇಲ್ಲೇ ಕೂತಿದೀವಿ. ಯಾವ ಪುಟಕ್ಕೆ ಹೋಗಿ ನಿಲ್ಲಬೇಕು ಹೇಳಿ, ನಿಲ್ತೀವಿ."

ಅಧ್ಯಕ್ಷರ ಮುಖ ಸಣ್ಣಗಾಯಿತು. "ನೋಡೀಮ್ಮ, ಇದೆಲ್ಲ ತಾಂತ್ರಿಕ ವಿಷಯ. ಕಾಗದ ಹಂಚಿದ ಹಾಗಲ್ಲ. ಕಂಬ ನೆಡೋಕೂ ಒಂದು ರೀತಿ ನೀತಿ ಅಂತ ಇರುತ್ತೆ."

ಆಗ ಕಿಡಿ ಎದ್ದ. ಊರಿಗೆ ಊರೇ ಅವನ ಕಡೆ ತಿರುಗಿತು.

"ಒಂದೂವರೆ ಅಡಿ ಗುಂಡಿ" ಎಂದ, ಎಂದಿನ ಮೆತ್ತಗಿನ ದನಿಯಲ್ಲೇ. "ಜಲ್ಲಿ ಹಾಕಿ, ಸಿಮೆಂಟ್ ಹಾಕಿ, ಹನ್ನೆರಡು ದಿನ ನೀರು ಹಾಕಿದೀವಿ. ಕೊಳವೆಗೆ ಅಗೆಯದ ಕಡೆ ಒಂದು ಕಂಬಾನೂ ಅಲುಗಿರ್ಲಿಲ್ಲ. ನೀವು ತೆರವು ಮಾಡಿದ್ರಲ್ಲ, ಎಷ್ಟು ಜನ ಬೇಕಾಯ್ತು ಕೀಳೋಕೆ? ಆರು ಜನ, ಎರಡು ದಿನ. ನಾನು ಅಂಗಡಿ ಬಾಗಿಲಲ್ಲಿ ಕೂತು ನೋಡ್ತಿದ್ದೆ."

"ಮಣ್ಣು ತುಂಬಿಸಿ ಅಂತ ಕಾಗದ ಕೊಟ್ಟಿದ್ದೆ" ಎಂದು ಅಂಚೆಯಕ್ಕ ಮೊಹರು ಬಿದ್ದ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಇದು ನಿಮ್ಮ ಮೊಹರು ತಾನೇ?"

ಕಾರ್ಯದರ್ಶಿ ಬಗ್ಗಿ ನೋಡಿ, "ದಿನಕ್ಕೆ ನೂರೆಂಟು ಕಾಗದ ಬರ್ತವೆ" ಎಂದು ಗೊಣಗಿದ.

ಅಧ್ಯಕ್ಷರು ಕೈ ಎತ್ತಿದರು. "ಆಯ್ತು, ಆಯ್ತು. ಹದಿನಾಲ್ಕನೇ ಪುಟದಲ್ಲಿ ಮುದ್ರಣ ದೋಷ ಆಗಿದೆ ಅಂತ ಒಂದು ಚೀಟಿ ಅಂಟಿಸಿಬಿಡೋಣ. ಮತ್ತೆ, ನಮ್ಮ ಅಂಚೆಯಕ್ಕನ ಸೇವೆ ಏನು ಕಮ್ಮಿನಾ? ಅವರಿಗೊಂದು ಪ್ರಶಸ್ತಿಪತ್ರ ಕೊಡೋಣ. ಎಲ್ಲ ಜೋರಾಗಿ ಚಪ್ಪಾಳೆ ತಟ್ಟಿ!"

"ಮುದ್ರಣ ದೋಷಾನಾ?"

ಈ ಸಲ ಕೂಗಿದವಳು ಅಂಚೆಯಕ್ಕನಲ್ಲ. ಕೊನೆಯ ಬೆಂಚಿನಿಂದ ಅಕ್ಕ ಎದ್ದು ನಿಂತಿದ್ದಳು. ಅವಳು ಸಭೆಗೆ ಬಂದದ್ದೇ ತಂಗಿಗೆ ಗೊತ್ತಿರಲಿಲ್ಲ. ಜೀವಮಾನದಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ.

"ಆ 'ಒಬ್ಬರು' ನನ್ನ ಗಂಡ. ನಲವತ್ತು ವರ್ಷ ನಿಮ್ಮೆಲ್ಲರ ಮೈಗೆ ಬಟ್ಟೆ ಹೊಲ್ದವ್ರೆ. ಬಿದ್ದ ದಿನದಿಂದ ಇವತ್ತಿನವರೆಗೆ ಪಂಚಾಯಿತಿಯಿಂದ ಒಂದು ನರಪಿಳ್ಳೆ ಮನೆ ಹತ್ರ ಬಂದು ಹೇಗಿದೀಯಪ್ಪಾ ಅಂತ ಕೇಳಿಲ್ಲ. ನಾನು ನನ್ನ ತಂಗಿ ಮೇಲೆ ಮೂರು ತಿಂಗಳು ಮುಖ ತಿರುಗಿಸ್ಕೊಂಡಿದ್ದೆ. ತಪ್ಪು ಅವಳದ್ದೇ ಅಂತ ನಿಮ್ಮ ಥರಾನೇ ನಾನೂ ಅಂದ್ಕೊಂಡೆ. ಅಗೆದೋರು ನೀವು, ಮುಚ್ಚದೇ ಹೋದೋರು ನೀವು. ಈಗ ಅವರ ತಲೆ ಮೇಲೇ ಗೂಬೆ ಕೂರಿಸ್ತೀರಾ? ಎಲುಬು ಮುರಿದಿದ್ದು ನಿಮಗೆ ಮುದ್ರಣ ದೋಷಾನಾ?"

ಅಧ್ಯಕ್ಷರು ಗಡಿಯಾರ ನೋಡಿದರು. "ಭಾವನೆಗೆಲ್ಲ ಬೇರೆ ಜಾಗ ಇದೆ. ಸಭೆ ಮುಗೀತು. ಹೋಗುವಾಗ ಎಲ್ಲರೂ ಸಹಿ ಹಾಕಿ ಹೋಗಿ" ಎಂದು ಎದ್ದರು.

ಕಾರ್ಯದರ್ಶಿ ಬಾಗಿಲ ಬಳಿ ಪುಸ್ತಕ ತೆರೆದು ಪೆನ್ನು ಹಿಡಿದು ನಿಂತ. ಅಂಚೆಯಕ್ಕ ಅವನೆದುರಿಗೇ ನಿಂತು, ಬಂದವರಿಗೆಲ್ಲ ಕೊನೆಯ ಪುಟದ ಗೆರೆ ಎಳೆದ ಸಾಲು ತೋರಿಸಿದಳು. "ಓದಿ. ಸಹಿ ಹಾಕೋದು ಬಿಡೋದು ನಿಮ್ಮಿಷ್ಟ."

ಮೊದಲು ಬಂದವನು ಅಧ್ಯಕ್ಷರ ಷಡ್ಡಕ. ಸರಸರ ಸಹಿ ಹಾಕಿದ. ಆಮೇಲೆ ಅಂಗಡಿಯವರಿಬ್ಬರು ಹಾಕಿದರು. ಹಿಂದೆ ಬಂದ ಸೂಲಗಿತ್ತಿ ಪೆನ್ನು ತೆಗೆದುಕೊಂಡು, ಮುಚ್ಚಳ ಹಾಕಿ ಕಾರ್ಯದರ್ಶಿಯ ಜೇಬಿಗೇ ಸಿಕ್ಕಿಸಿ ಹೊರಗೆ ನಡೆದಳು. "ಕನ್ನಡಕ ಮನೇಲಿದೆ" ಎಂದ ಒಬ್ಬ, ಕನ್ನಡಕ ಹಾಕಿಕೊಂಡೇ. ಕೆಲವರು ಅಂಚೆಯಕ್ಕನ ಕಣ್ಣು ತಪ್ಪಿಸಿ ಸಹಿ ಹಾಕಿದರು. ಅವರಲ್ಲಿ ಕಂಬಿಗೆ ಜಲ್ಲಿ ಹೊತ್ತವನೊಬ್ಬನೂ ಇದ್ದ. ಅವನ ಮಗಳಿಗೆ ಪಂಚಾಯಿತಿಯಲ್ಲಿ ಕೆಲಸವಿತ್ತು. ಅದು ಅವಳಿಗೆ ಚುಚ್ಚಿತು. ಕೋಣೆ ಖಾಲಿಯಾದಾಗ ಪುಸ್ತಕದಲ್ಲಿ ಮೂವತ್ತೆಂಟು ಸಹಿ. ಅರ್ಧಕ್ಕೆ ಮುಟ್ಟಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಸಭೆ ಕರೆಯಲೇಬೇಕಾಯಿತು. ಹೊಸದಾಗಿ ಅಚ್ಚಾದ ಹದಿನಾಲ್ಕನೇ ಪುಟವನ್ನು ಕಾರ್ಯದರ್ಶಿ ನಿಂತು ಓದಿದ: ಪಂಚಾಯಿತಿಯು ಕೊಳವೆಗಾಗಿ ಅಗೆದ ಕಾಲುವೆಯನ್ನು ಮುಚ್ಚದಿದ್ದರಿಂದ ಕಂಬ ಕುಸಿದು ಊರಿನ ಟೈಲರ್ ಗಾಯಗೊಂಡರು, ಕಂಬಿಯನ್ನು ಪಂಚಾಯಿತಿಯೇ ಮತ್ತೆ ನೆಡತಕ್ಕದ್ದು. ಓದುವಾಗ ಅಧ್ಯಕ್ಷರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕ್ಷಮೆ ಎಂಬ ಶಬ್ದ ಪುಟದಲ್ಲೂ ಇರಲಿಲ್ಲ, ಅವರ ಬಾಯಲ್ಲೂ ಬರಲಿಲ್ಲ. ಕೊನೆಗೆ, "ಇನ್ನು ಮುಂದೆ ಯಾರೇ ಸೇವೆ ಮಾಡೋದಾದ್ರೂ ಮೊದಲು ಅರ್ಜಿ ಕೊಡಬೇಕು" ಎಂದು ಒಂದು ಮಾತು ಸೇರಿಸಿದರು.

"ಆರು ಕೊಟ್ಟಿದ್ದೆ" ಎಂದಳು ಅಂಚೆಯಕ್ಕ. ಈ ಸಲ ನಕ್ಕದ್ದು ಹಿಂದಿನ ಬೆಂಚು ಮಾತ್ರವಲ್ಲ, ಇಡೀ ಕೋಣೆ.

ಪಂಚಾಯಿತಿಯ ಆಳುಗಳು ಗುಂಡಿ ತೋಡಲು ಬಂದ ದಿನ ಅವಳು ಟೇಪು ಹಿಡಿದು ಮೆಟ್ಟಿಲ ಮೇಲೆ ಕೂತಳು. ಹಾರೆ ಮುಟ್ಟಲಿಲ್ಲ, ಬಾಣಲಿ ಎತ್ತಲಿಲ್ಲ. ಒಂದೊಂದು ಗುಂಡಿಗೂ ಟೇಪು ಇಳಿಬಿಟ್ಟು, "ಇನ್ನೂ ನಾಲ್ಕು ಬೆರಳು" ಎಂದಳು. ಆಳುಗಳು ಬೈದುಕೊಂಡೇ ಅಗೆದರು. ಅವಳೂ ಬಿಡಲಿಲ್ಲ.

ಭಾವನ ಬೆರಳು ಪೂರ್ತಿ ಸರಿಹೋಗಲಿಲ್ಲ. ಮಿಷನ್ ತುಳಿಯುತ್ತಾನೆ, ಕತ್ತರಿ ಹಿಡಿಯಲಾಗದು. ಈಗ ಗೆರೆ ಹಾಕುವವನು ಅವನು, ಕತ್ತರಿಸುವವಳು ಅಕ್ಕ. "ಅಯ್ಯೋ, ಅದು ತೋಳು ಕಣೇ, ಕುಂಬಳಕಾಯಿ ಅಲ್ಲ" ಎಂದು ಅವನು ದಿನವೂ ಬೊಬ್ಬೆ ಹೊಡೆಯುತ್ತಾನೆ.

ಒಂದು ಮಧ್ಯಾಹ್ನ ಅಂಚೆಯಕ್ಕ ಅಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದಳು. ಭಾವ ಒಳಗೆ ಮಲಗಿದ್ದ. ಬಹಳ ದಿನದಿಂದ ಗಂಟಲಲ್ಲಿದ್ದ ಮಾತನ್ನು ಕೇಳಿಯೇಬಿಟ್ಟಳು.

"ಅಕ್ಕಾ, ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?"

ಅಕ್ಕ ತಲೆ ಎತ್ತದೆ ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯ ಗುಂಟ ಕತ್ತರಿ ಓಡಿಸಿದಳು. "ಪಂಚಾಯಿತಿಯವರ ಮೇಲಿರೋದು ಸಾಯೋತನಕ ಹೋಗಲ್ಲ. ನಿನ್ನ ಮೇಲೂ ಚೂರು ಇದೆ. ಇರ್ಲಿ ಬಿಡು, ಹೋಗುತ್ತೆ. ಈಗ ಈ ತುದಿ ಬಿಗಿಯಾಗಿ ಹಿಡ್ಕೋ."

ಅಂಚೆಯಕ್ಕ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ಎದ್ದು ಹೋಗಿ ತುದಿ ಹಿಡಿದಳು.