ಏಮಸನ ಬಲಗಾಲು

ಬ್ರಾಡ್‌ಫರ್ಡಿಗೆ ಮೇಲಿನ ತಂತಿಯ ಕರೆಂಟಿನಲ್ಲಿ ಸದ್ದಿಲ್ಲದೆ ಓಡುವ ಟ್ರಾಲಿ ಬಸ್ಸು ಬಂದಾಗ ಏಮಸ್ ಹೋಲ್ರಾಯ್ಡ್ ಇನ್ನೂ ಹುಟ್ಟಿರಲಿಲ್ಲ. ಆ ಬಸ್ಸುಗಳ ತಂತಿಗೆ ಕಂಬ ನೆಟ್ಟವರಲ್ಲಿ ಅವನಪ್ಪನೂ ಒಬ್ಬ. ಏಮಸ್ ಬೆಳೆದ ಹಾಗೆ ತಂತಿಯೂ ಬೆಳೆಯಿತು. ಟ್ರಾಮಿನ ಹಳಿ ಕಿತ್ತ ಬೀದಿಗಳಿಗೆ ಬಂತು, ಉಣ್ಣೆ ಗಿರಣಿಗಳ ಬಾಗಿಲಿಗೆ ಬಂತು, ಗುಡ್ಡದ ಮೇಲಿನ ಹೊಸ ಮನೆಗಳ ತನಕವೂ ಹತ್ತಿತು. ಯುದ್ಧ ಮುಗಿಸಿ ಬಂದವನು ಆ ಬಸ್ಸಿಗೇ ಡ್ರೈವರಾದ. ಆಮೇಲೆ ಬಿಚ್ಚುವ ಕಾಲ ಬಂತು. ಮುದುಕಿಯೊಬ್ಬಳು ಹಳೇ ಸ್ವೆಟರು ಬಿಚ್ಚಿ ನೂಲು ಸುತ್ತಿಕೊಂಡ ಹಾಗೆ ಊರಿನವರು ಒಂದೊಂದೇ ದಾರಿಯ ತಂತಿ ಇಳಿಸಿದರು. ಈಗ ಉಳಿದದ್ದಕ್ಕೂ ಬರುವ ಭಾನುವಾರವೇ ಕೊನೆ.

ಇನ್ನು ಡೀಸೆಲ್ ಬಸ್ಸು. ಡ್ರೈವರುಗಳಿಗೆಲ್ಲ ಹೊಸದಾಗಿ ಪರೀಕ್ಷೆ. ಗೆದ್ದವನಿಗೆ ಸ್ಟಿಯರಿಂಗು, ಸೋತವನಿಗೆ ಡಿಪೋದಲ್ಲಿ ಪೊರಕೆ. ಏಮಸ್ ಆಗಲೇ ಎರಡು ಸಲ ಸೋತಿದ್ದ. ಟ್ರಾಲಿ ಬಸ್ಸಿನಲ್ಲಿ ಎಡಗಾಲು ಒತ್ತಿದರೆ ಓಟ, ಬಲಗಾಲು ಒತ್ತಿದರೆ ಬ್ರೇಕು. ಡೀಸೆಲ್ ಬಸ್ಸಿನಲ್ಲಿ ಓಡಿಸುವುದೂ ಬಲಗಾಲೇ, ನಿಲ್ಲಿಸುವುದೂ ಬಲಗಾಲೇ. ಹೊಸಬರು ಬೇಗ ಕಲಿತರು. ಏಮಸನ ತಲೆ ಕಲಿಯಿತು, ಕಾಲು ಕಲಿಯಲಿಲ್ಲ.

ಮೂರನೆಯ ಪರೀಕ್ಷೆಯ ಬೆಳಿಗ್ಗೆ ಅವನ ಹೆಂಡತಿ ಹಿಲ್ಡಾ ಊಟದ ಮೇಜಿನ ಕೆಳಗೆ ಚಪ್ಪಲಿಗಳನ್ನು ಪೆಡಲಿನ ಹಾಗೆ ಸಾಲಾಗಿಟ್ಟು ಕೂಗಿದಳು: "ನಿಲ್ಸು! ಪಾದ್ರಿಗಳು ಅಡ್ಡ ಬಂದ್ರು!"

ಏಮಸ್ ಕಾಲೊತ್ತಿದ.

"ಅಯ್ಯೋ, ಹೋದ್ರಲ್ಲೋ ಪಾದ್ರಿಗಳು! ಸೀದಾ ಮೇಲೇ ಹತ್ತಿಸ್ದೆ!"

"ಹೋದ್ರೆ ಹೋಗ್ಲಿ ಬಿಡೇ, ಅವರ ಪ್ರವಚನ ಮುಗಿಯೋದೇ ಇಲ್ಲ."

ಹಿಲ್ಡಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇವತ್ತೊಂದಿನ ಜೋಪಾನ ಕಣೋ. ಪೊರಕೆ ಹಿಡ್ಕೊಂಡು ಆ ಹೊಸ ಡ್ರೈವರುಗಳ ಮುಂದೆ ಬಗ್ಗಿ ನಿಂತ್ರೆ ನಿನ್ ಜೀವ ಉಳಿಯಲ್ಲ, ನಂಗೊತ್ತು. ಗೆದ್ರೆ ಆ ಬಸ್ಸನ್ನೇ ನಮ್ಮ ಬೀದಿಗೆ ತಗೊಂಡ್ಬಾ, ಬಾಗಿಲಲ್ಲೇ ಕಾಯ್ತಿರ್ತೀನಿ" ಎಂದಳು.

ಪರೀಕ್ಷೆ ಮಾಡಿದ್ದು ಬ್ರಿಯರ್ಲಿ. ಹಿಂದೆ ಏಮಸನ ಬಸ್ಸಿನಲ್ಲೇ ಕಂಡಕ್ಟರಾಗಿದ್ದವನು, ಈಗ ಇನ್‌ಸ್ಪೆಕ್ಟರು. ಗುಡ್ಡ ಹತ್ತಿದ್ದೂ ಆಯಿತು, ತಿರುವು ತೆಗೆದುಕೊಂಡದ್ದೂ ಆಯಿತು. ಡ್ರೈವರನ ಪಕ್ಕದಲ್ಲಿ ನಿಂತಿದ್ದ ಬ್ರಿಯರ್ಲಿಯ ಮುಖದಲ್ಲಿ ಸಮಾಧಾನ ಕಂಡಿತು. ಇಳಿಜಾರಿನಲ್ಲಿ ಬ್ರೆಡ್ಡಿನ ಅಂಗಡಿಯಿಂದ ಹೊರಬಂದ ಹೆಂಗಸೊಬ್ಬಳು ಮಗುವಿನ ಗಾಡಿ ತಳ್ಳುತ್ತಾ ರಸ್ತೆಗಿಳಿದಳು. ಏಮಸ್ ಬಲಗಾಲನ್ನು ಬಲವಾಗಿ ಒತ್ತಿದ. ಬಸ್ಸು ಮುಂದಕ್ಕೆ ಹಾರಿತು. ಬ್ರಿಯರ್ಲಿ ಬಾಗಿ ಕೈಬ್ರೇಕು ಎಳೆದ. ಮಗುವಿನ ಗಾಡಿಗೂ ಬಸ್ಸಿಗೂ ನಡುವೆ ಒಂದು ಗೇಣು ಉಳಿದಿತ್ತು.

"ಕಣ್ಣೇನು ಮನೇಲಿಟ್ಟು ಬಂದಿದೀಯಾ ಮುದುಕಾ?" ಎಂದು ಕಿರುಚಿದ ಹೆಂಗಸು ಮಗುವನ್ನೆತ್ತಿ ಎದೆಗವಚಿಕೊಂಡು ಅತ್ತಳು.

ಅವಳು ಹೋದ ಮೇಲೆ ಬ್ರಿಯರ್ಲಿ ಬೆವರೊರೆಸಿಕೊಂಡು ಮೆಲ್ಲಗೆ ಹೇಳಿದ: "ನೋಡು, ಬ್ರೇಕು ಹಾಕಿದ್ದು ನೀನೇ ಅಂತಿಟ್ಕೋ. ನಾನು ಪಾಸು ಮಾಡ್ತೀನಿ. ಇಷ್ಟು ವರ್ಷ ಒಂದು ಬೆಕ್ಕನ್ನೂ ತಾಗಿಸಿದವನಲ್ಲ ನೀನು."

"ತಾಗಿಸ್ಲಿಲ್ಲ. ಯಾಕೆ ಹೇಳು? ಈ ಕಾಲು ಯೋಚ್ನೆ ಮಾಡ್ತಾನೇ ಇರ್ಲಿಲ್ಲ. ಈಗ್ಲೂ ಮಾಡಲ್ಲ ಮಾರಾಯ."

"ಹಿಲ್ಡಾಗೆ ಏನಂತ ಹೇಳ್ತೀಯೋ?"

ಏಮಸ್ ಸೀಟು ಬಿಟ್ಟು ಎದ್ದ. "ಬಸ್ಸು ನೀನೇ ತಗೊಂಡು ಹೋಗಪ್ಪ" ಎಂದು ಇಳಿದುಬಿಟ್ಟ.

ಸ್ಟಾಪಿನಲ್ಲಿ ಬಹಳ ಹೊತ್ತು ನಿಂತ. ಕೊನೆಗೆ ಟ್ರಾಲಿ ಬಸ್ಸು ಬಂತು. ಕಂಡಕ್ಟರ್ ಮೇವಿಸ್ ಬಾಗಿಲಿನಿಂದಲೇ ಕೂಗಿದಳು: "ಏನ್ ಡೀಸೆಲ್ ದೊರೆ! ಗೆದ್ಯಾ?"

ಏಮಸ್ ಇಲ್ಲವೆಂದು ತಲೆಯಾಡಿಸಿದ. ಮೇವಿಸ್ ಅವನ ತೋಳು ಹಿಡಿದು ಹತ್ತಿಸಿಕೊಂಡಳು.

ಅವನು ಬಸ್ಸಿನ ಮೇಲಿನ ಮಹಡಿಯಲ್ಲಿ, ಕಿಟಕಿಯ ಪಕ್ಕ ಕೂತ. ಅಡ್ಡಬೀದಿಗಳಲ್ಲಿ ಅಪ್ಪನ ಕಾಲದ ಕಂಬಗಳು ತಂತಿಯಿಲ್ಲದೆ ನಿಂತಿದ್ದವು. ಅವನ ಮನೆಯ ಬೀದಿ ಬಂತು. ಹಿಲ್ಡಾ ಕೋಟು ಹಾಕಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಗುಡ್ಡದ ಕಡೆಯಿಂದ ಡೀಸೆಲ್ ಬಸ್ಸಿನ ಸದ್ದು ಬರುತ್ತದೋ ಎಂದು ಕಿವಿಗೊಟ್ಟಿದ್ದಳು. ಟ್ರಾಲಿ ಬಸ್ಸು ಸದ್ದಿಲ್ಲದೆ ಅವಳ ಮುಂದೆ ನಿಂತು, ಸದ್ದಿಲ್ಲದೆ ಹೊರಟಿತು. ಅವಳು ಅದರ ಕಡೆ ನೋಡಲೇ ಇಲ್ಲ.

ಏಮಸ್ ಇಳಿಯಲಿಲ್ಲ.